ಅಕ್ಕವ್ವ ಹತ್ತಿದ ಮೋಟಾರು

ಗುರುಶಿದ್ದಪ್ಪನವರ ಮೋಟಾರನ್ನು ಊರೆಲ್ಲ ಹತ್ತಿತ್ತು. ಹತ್ತದೆ ಉಳಿದವರು ಒಬ್ಬರೇ, ಅವರ ಹೆಂಡತಿ ಅಕ್ಕವ್ವ.

ಹುಬ್ಬಳ್ಳಿಯಿಂದ ಹೊರಟು, ಧಾರವಾಡದ ಮೇಲೆ ಹಾಯ್ದು, ಉಪ್ಪಿನಬೆಟಗೇರಿಗೆ ಹೋಗುವ ಸರ್ವಿಸ್ ಮೋಟಾರು ಅವರದು. ಸಂತೆಯ ದಿನವಂತೂ ಒಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಛಾವಣಿಯ ಮೇಲೆ ಮೆಣಸಿನಕಾಯಿ ಚೀಲ, ಚೀಲಗಳ ಮೇಲೆ ಮತ್ತೆ ಜನ. ಅಕ್ಕವ್ವನ ತವರು ಉಪ್ಪಿನಬೆಟಗೇರಿ, ಮಗಳು ದುಂಡವ್ವನನ್ನು ಕೊಟ್ಟದ್ದೂ ಅದೇ ಊರಿಗೆ. ಆದರೂ ಹೋಗಬೇಕೆಂದರೆ ಆಕೆ ಬಂಡಿ ಹೂಡಿಸುತ್ತಿದ್ದಳು. ನಡುವೆ ಧಾರವಾಡದಲ್ಲಿ ಬಳಗದವರ ಮನೆಯಲ್ಲಿ ಒಂದು ರಾತ್ರಿಯ ವಸ್ತಿ. ಗಂಡನ ಮೋಟಾರು ಪೋಂ ಪೋಂ ಎನ್ನುತ್ತ ಮುಂದೆ ಹೋಗುತ್ತಿತ್ತು, ಹೆಂಡತಿ ಬಂಡಿಯಲ್ಲಿ ಅದರ ಧೂಳು ಕುಡಿಯುತ್ತ ಹಿಂದೆ ಬರುತ್ತಿದ್ದಳು.

ಜನ ಸುಮ್ಮನಿರುತ್ತಾರೆಯೇ?

"ಏನ್ರಿ ಸಾವ್ಕಾರ್ರ, ನಿಮ್ಮ ಮನಿಯವರ ನಂಬದ ಮೋಟಾರು ನಾವ್ಯಾಂಗ ನಂಬಬೇಕ್ರಿ?" ಎಂದು ಸಂತೆಗೆ ಹೋಗುವವರು ಕೇಳುತ್ತಿದ್ದರು. ಕೇಳುತ್ತಲೇ ಹತ್ತುತ್ತಿದ್ದರು ಅನ್ನಿ. ಗುರುಶಿದ್ದಪ್ಪನವರು ಮೀಸೆಯಲ್ಲಿ ನಗುತ್ತಿದ್ದರು, ಮನೆಗೆ ಬಂದ ಮೇಲೆ ಮುಖ ಊದಿಸಿಕೊಳ್ಳುತ್ತಿದ್ದರು.

ಅಕ್ಕವ್ವ ಸುಮ್ಮನೆ ಹಟ ಹಿಡಿದವಳಲ್ಲ. ಹಿಂದಿನ ವರ್ಷದ ಮಳೆಗಾಲದಲ್ಲಿ ಆಕೆಯ ತಂಗಿ ಯಂಕವ್ವ ಹುಬ್ಬಳ್ಳಿಯಿಂದ ಬೇರೊಬ್ಬರ ಮೋಟಾರಿನಲ್ಲಿ ಧಾರವಾಡಕ್ಕೆ ಹೊರಟಿದ್ದಳು. ಸಣ್ಣದೊಂದು ಕಾಲುವೆಯ ಹತ್ತಿರ ಗಾಲಿ ಎರೆಮಣ್ಣಿನಲ್ಲಿ ಜಾರಿತು. ಮೋಟಾರು ನಿಧಾನವಾಗಿ ವಾಲಿ, ಪಕ್ಕದ ಹೊಲಕ್ಕೆ ಉರುಳಿತು. ಬಿದ್ದದ್ದು ದೊಡ್ಡ ಕಂದಕಕ್ಕೇನೂ ಅಲ್ಲ, ನೆಲವೂ ಮೆತ್ತಗಿತ್ತು. ಆದರೆ ಮೋಟಾರಿನ ಮರದ ಬಾಡಿಯ ಕಂಬಗಳು ಒಂದೇ ಕಡೆಗೆ ಮಡಚಿಕೊಂಡು, ಛಾವಣಿ ಬಂದು ಆಸನದ ಹಲಗೆಗೆ ಅಂಟಿತು. ಯಂಕವ್ವ ಆ ಎರಡರ ನಡುವೆ ಸಿಕ್ಕಳು. ಸುದ್ದಿ ಕೇಳಿ ಅಕ್ಕವ್ವ ಓಡಿ ಹೋಗಿ ನೋಡುವಾಗ ಗಾಲಿಗಳು ನೆಟ್ಟಗಿದ್ದವು, ಇಂಜಿನ್ನೂ ನೆಟ್ಟಗಿತ್ತು, ತಂಗಿಯ ಜೀವ ಮಾತ್ರ ಇರಲಿಲ್ಲ. ಆ ದುಃಖ ಆಕೆಯ ಎದೆಯಲ್ಲಿ ಹಾಗೇ ಕೂತಿತ್ತು. ಮೋಟಾರು ಕಂಡರೆ ಸಾಕು, ದಾರಿ ಬಿಟ್ಟು ದೂರ ಸರಿದು ನಿಲ್ಲುತ್ತಿದ್ದಳು.

ಈಗ ಬಂದದ್ದೇ ಪೇಚು. ದುಂಡವ್ವ ಚೊಚ್ಚಲ ಬಸುರಿ. ಕುಬಸ, ಅಂದರೆ ಸೀಮಂತ, ಮುಗಿಸಿ ಆಕೆಯನ್ನು ಹೆರಿಗೆಗೆ ಹುಬ್ಬಳ್ಳಿಗೆ ಕರೆತರಬೇಕು. ಸೂಲಗಿತ್ತಿ ಆಕೆಯ ಹೊಟ್ಟೆ ಮುಟ್ಟಿ ನೋಡಿ, ಎರಡು ದಿನದ ಬಂಡಿಯ ಕುಲುಕಾಟ ಕೂಡದೇ ಕೂಡದು ಎಂದುಬಿಟ್ಟಿದ್ದಳು. ಉಳಿದದ್ದು ಮೋಟಾರು ಒಂದೇ.

"ಚಿಂತಿ ಬಿಡು" ಎಂದರು ಗುರುಶಿದ್ದಪ್ಪನವರು. "ಹಳೇ ಬಾಡಿ ಬಿಚ್ಚಿಸಿ ಹೊಸಾದು ಕಟ್ಟಸಾಕತ್ತೇನಿ. ಅಸಲ ಸಾಗವಾನಿ. ಅದರಾಗ ಕುಂತು ಹೋಗೂಣು, ಮಗಳನ್ನ ರಾಣಿಯಂಗ ಕರಕೊಂಡು ಬರೂಣು."

"ಸಾಗವಾನಿ ಆದ್ರ ಬೀಳೂದಿಲ್ಲೇನು?"

"ಯಾಕ ಬೀಳ್ತೈತಿ? ನಮ್ಮ ಡ್ರೈವರ್ ಯಮನಪ್ಪ ಕುಡಿಯವನಲ್ಲ, ಜೋರ ಓಡಸವನಲ್ಲ. ಇಷ್ಟರ ಮ್ಯಾಲ ಬಿದ್ರ ಅದು ಹಣೀಬರಹ."

ಅಕ್ಕವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು. "ಬೀಳೂದು ಹಣೀಬರಹ ಇದ್ದೀತು. ಬಿದ್ದವರ ಮ್ಯಾಲ ಛತ್ತು ಕೆಡವೂದೂ ಹಣೀಬರಹ ಏನ್ರಿ? ಅದನ್ನ ಕಟ್ಟಿದವರು ಯಾರು?"

ಗುರುಶಿದ್ದಪ್ಪನವರು ರೊಟ್ಟಿ ಬಿಸಿಯಿದೆ ಎಂಬ ನೆವ ಮಾಡಿಕೊಂಡು ಊಟಕ್ಕೆ ಕೂತರು.

ಹೊಸ ಬಾಡಿ ಏಳುತ್ತಿದ್ದದ್ದು ಬೆಂಗೇರಿಯಲ್ಲಿ, ಮಕ್ತುಮಸಾಬರ ಕಾರಖಾನೆಯಲ್ಲಿ. ಅವರ ಅಪ್ಪ ಸವಾರಿ ಬಂಡಿ ಕಟ್ಟುತ್ತಿದ್ದರು, ಮಕ್ತುಮಸಾಬರು ಮೋಟಾರಿನ ಬಾಡಿ ಕಟ್ಟುತ್ತಿದ್ದರು. ಬಾಡಿಯನ್ನು ಮೊದಲು ನೆಲದ ಮೇಲೆ ಪೂರಾ ಮಾಡಿ, ಆಮೇಲೆ ಇಂಜಿನ್ ಗಾಲಿಗಳಿರುವ ಚಾಸಿಯ ಮೇಲೆ ಕೂರಿಸುವುದು ಅವರ ಪದ್ಧತಿ. ಆ ಕಾರಖಾನೆಯಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಬಾಡಿಯ ಚೌಕಟ್ಟು ಮುಗಿದ ದಿನ ಗರಡಿಮನೆಯ ಪೈಲವಾನರನ್ನು ಕರೆಸಿ ಛಾವಣಿಯ ಮೇಲೆ ಹತ್ತಿಸುವುದು. ಅವರು ಮೇಲೆ ನಿಂತು ತೊಡೆ ತಟ್ಟಿ ಕುಣಿಯಬೇಕು. ಛಾವಣಿ ಕಿರ್ ಎನ್ನದಿದ್ದರೆ ಬಾಡಿ ಗಟ್ಟಿ ಎಂದು ಲೆಕ್ಕ. ಕೆಳಗೆ ನಿಂತವರಿಗೆ ಪೇಢೆ ಹಂಚಿಕೆ.

ಆ ದಿನ ಗುರುಶಿದ್ದಪ್ಪನವರು ಅಕ್ಕವ್ವನನ್ನು ಒತ್ತಾಯ ಮಾಡಿ ಕರೆತಂದರು. ಜೊತೆಗೆ ತಮ್ಮ ಗೆಳೆಯ ಬಿಂದುಮಾಧವರಾಯರನ್ನೂ ಕರೆದಿದ್ದರು. ರಾಯರು ಧಾರವಾಡದವರು, ಹುಬ್ಬಳ್ಳಿಯ ರೈಲ್ವೆ ಕಾರಖಾನೆಯಲ್ಲಿ ರೈಲು ಡಬ್ಬಿಗಳ ನಕ್ಷೆ ತೆಗೆಯುವ ಕೆಲಸ. ಅಂಥವರು ಒಂದು ಮಾತು ಹೊಗಳಿದರೆ ಹೆಂಡತಿ ನಂಬಿಯಾಳು ಎಂಬ ಆಸೆ.

ಬಾಡಿ ಕಣ್ಣಿಗೆ ಹಬ್ಬವಾಗಿತ್ತು. ಮದುವೆಯ ನಿಬ್ಬಣಕ್ಕೆ ಮೋಟಾರು ಹಿಡಿಯುವವರಿಗೆ ಮದುಮಕ್ಕಳು ದಾರಿಯುದ್ದಕ್ಕೂ ಕಾಣಬೇಕಲ್ಲ, ಅದಕ್ಕಾಗಿ ಗುರುಶಿದ್ದಪ್ಪನವರು ಕಂಬಗಳನ್ನು ಕಡಿಮೆ ಮಾಡಿಸಿ ಕಿಟಕಿಗಳನ್ನು ಅಗಲ ಇಡಿಸಿದ್ದರು. ಇದ್ದ ಕಂಬಗಳನ್ನೂ ನಡುವೆ ಸಪೂರಾಗಿ ಕೆತ್ತಿಸಿ, ಬಳ್ಳಿ ಬಿಡಿಸಿದ್ದರು. ಪೈಲವಾನ ಬೀರಲಿಂಗಪ್ಪ ತನ್ನ ಜೊತೆಗಾರರೊಂದಿಗೆ ಮೇಲೆ ಹತ್ತಿ ಕುಣಿದ. ಬಾಡಿ ಮಿಸುಕಲಿಲ್ಲ. ಜನ ಸಿಳ್ಳೆ ಹಾಕಿದರು.

"ನೋಡಿದೇನ?" ಎಂದರು ಗುರುಶಿದ್ದಪ್ಪನವರು, ತಾವೇ ಕುಣಿದಷ್ಟು ಉಬ್ಬಿ.

ಅಕ್ಕವ್ವ ಸೆರಗು ಸರಿ ಮಾಡಿಕೊಂಡು ಬಾಡಿಯ ಸುತ್ತ ಒಂದು ಸುತ್ತು ಬಂದಳು. ಆಕೆಗೆ ತಮ್ಮ ಮನೆಯ ಹೊರಸು ಮಂಚ ನೆನಪಾಗಿತ್ತು. ಆ ಹಳೆಯ ಹೊರಸಿನ ಮೇಲೆ ಮನೆಮಂದಿಯೆಲ್ಲ ಕೂತರೂ ಅದು ಸುಮ್ಮನಿರುತ್ತಿತ್ತು, ಕಸ ಗುಡಿಸುವಾಗ ಪಕ್ಕದಿಂದ ಸ್ವಲ್ಪ ನೂಕಿದರೆ ನಾಲ್ಕೂ ಕಾಲು ಓರೆಯಾಗುತ್ತಿದ್ದವು.

"ಬೀರಲಿಂಗಪ್ಪ, ಕೆಳಗ ಬಾರಪಾ" ಎಂದಳು. "ಮ್ಯಾಲ ಕುಣದದ್ದು ಸಾಕು. ಎಲ್ಲಾರೂ ಕೂಡಿ ಈ ಮ್ಯಾಲಿನ ಮೂಲಿಗೆ ಹೆಗಲು ಕೊಟ್ಟು ಅಡ್ಡ ನೂಕ್ರಿ ನೋಡೂಣು."

"ಅಡ್ಡ ಯಾಕ ನೂಕಬೇಕು? ಇದೇನ ಕುಸ್ತಿ ಐತೇನು?" ಎಂದು ಗುರುಶಿದ್ದಪ್ಪನವರು ರೇಗಿದರು.

"ನೂಕಲಿ ಬಿಡ್ರಿ ಗುರುಶಿದ್ದಪ್ಪ" ಎಂದರು ರಾಯರು. ಅವರ ಕಣ್ಣು ಚುರುಕಾಗಿತ್ತು. "ಅಕ್ಕವ್ವನವರು ಕೇಳ್ಬೇಕಾದ್ದನ್ನೇ ಕೇಳ್ಲಿಕ್ಕತ್ತಾರ."

ಪೈಲವಾನರು ಪಕ್ಕಕ್ಕೆ ಒಟ್ಟಿದ್ದ ಹಲಗೆಗಳ ಮೇಲೆ ನಿಂತು ಛಾವಣಿಯ ಅಂಚಿಗೆ ಹೆಗಲು ಕೊಟ್ಟರು. ಹೂಂ ಎಂದದ್ದೇ ತಡ, ಮೊಳೆಗಳು ಕಿರುಗುಟ್ಟಿದವು, ಕಂಬಗಳೆಲ್ಲ ಒಂದೇ ಕಡೆಗೆ ವಾಲಿದವು, ಒಂದು ಕಂಬ ಬಳ್ಳಿ ಕೆತ್ತಿದ ಜಾಗದಲ್ಲಿ ಚಟ್ಟನೆ ಸೀಳಿತು. ಬೀರಲಿಂಗಪ್ಪನೇ ಹೆದರಿ ಹಿಂದೆ ಸರಿದ. ಪೇಢೆ ಹಿಡಿದು ನಿಂತವರು ಪೇಢೆ ತಿನ್ನುವುದನ್ನು ಮರೆತರು.

ಗುರುಶಿದ್ದಪ್ಪನವರ ಕಣ್ಣಮುಂದೆ ಬಂದದ್ದು ಬಾಡಿಯಲ್ಲ, ಅದರೊಳಗೆ ಹೊಟ್ಟೆ ಹಿಡಿದುಕೊಂಡು ಕೂತ ದುಂಡವ್ವ.

"ಯಾ ಅಲ್ಲಾ" ಎಂದು ಮಕ್ತುಮಸಾಬರು ತಲೆಯ ಮೇಲೆ ಕೈ ಇಟ್ಟುಕೊಂಡರು. "ಇಷ್ಟ ವರ್ಷ ಮ್ಯಾಲಿಂದನ ನೋಡಿದ್ವಿ ಸಾವ್ಕಾರ್ರ. ಬಾಜೂಲಿಂದ ಯಾರೂ ನೋಡಿದ್ದಿಲ್ಲ."

"ನಿಮ್ಮೊಬ್ಬರ ತಪ್ಪಲ್ಲ ಸಾಬರ, ಎಲ್ಲಾರೂ ಹಿಂಗ ಮಾಡ್ತಾರ" ಎಂದರು ರಾಯರು. "ಮೋಟಾರು ನಿಂತಾಗ ಭಾರ ಮ್ಯಾಲಿಂದ ಕೆಳಗ ಬರ್ತದ. ಉರುಳಿದಾಗ ಪೆಟ್ಟು ಛತ್ತಿನ ಅಂಚಿಗೆ, ಅಡ್ಡ ಬೀಳ್ತದ. ಆಗ ಎಲ್ಲಾ ಜೋರು ಹೋಗೋದು ಮೂಲಿಗೋಳಿಗೆ. ಕಂಬ ಛತ್ತಿಗೆ ಕೂಡೋ ಮೂಲಿ, ಕಂಬ ನೆಲಕ್ಕ ಕೂಡೋ ಮೂಲಿ. ಅಲ್ಲಿ ಬರೇ ಮೊಳಿ ಇದ್ರ ಮುಗೀತು. ಕಂಬ ಎಷ್ಟು ದಪ್ಪ ಇದ್ರೇನು?"

"ಹಂಗಾರ ದೊಡ್ಡ ದೊಡ್ಡ ಮೊಳಿ ಹೊಡಸೂಣು" ಎಂದರು ಗುರುಶಿದ್ದಪ್ಪನವರು, ಸೋಲಲು ಮನಸ್ಸಿಲ್ಲದೆ.

"ಮೊಳಿ ಎಷ್ಟು ದೊಡ್ಡದಾದ್ರೂ ಕಿತ್ತು ಬರ್ತದ. ಕಂಬ ಇನ್ನೂ ಬೇಕು, ನಟ್ಟು ಬೋಲ್ಟು ಬೇಕು. ಮೂಲಿಗೊಂದು ಕಬ್ಬಿಣದ ತಗಡು ಬೇಕು. ಕಿಟಕಿ ಕೆಳಗ ಓರೆ ಪಟ್ಟಿ ಬೇಕು, ನಿಮ್ಮ ಮನಿ ಬಾಗಲಾ ಜೋಲಾಡದ್ಹಂಗ ಹಿಂದ ಒಂದು ಓರೆ ಪಟ್ಟಿ ಹೊಡ್ದಿರ್ತಾರಲ್ಲ, ಹಂಗ. ಎಲ್ಲಾಕ್ಕಿಂತ ಛಲೋ ಅಂದ್ರ ನೆಲ, ಎರಡೂ ಕಂಬ, ಛತ್ತು ಎಲ್ಲಾ ಸೇರಿ ಒಂದ ಸುತ್ತು ಆಗ್ಬೇಕು. ಎಲ್ಲೂ ತುಂಡು ಇರಬಾರದು."

"ಬಳಿಯಂಗ?" ಎಂದು ಅಕ್ಕವ್ವ ಬಳೆ ತೊಟ್ಟ ಕೈ ಮುಂದೆ ಹಿಡಿದಳು.

"ಬಳಿಯಂಗನ! ಸರಿಯಾಗಿ ಹೇಳಿದ್ರಿ."

ಮಕ್ತುಮಸಾಬರ ಮುಖ ಅರಳಿತು. "ರಾಯರ, ಇದು ನಮ್ಮ ಅಬ್ಬಾನ ಬಂಡಿ ಕೆಲಸ ಆತಲ್ರಿ! ಸವಾರಿ ಬಂಡೀ ಮ್ಯಾಲ ಬಿದಿರು ಕಮಾನು ಹ್ಯಾಂಗ ಹಾಕತಾರ? ಈ ಕಡೆ ಪಕ್ಕದಿಂದ ಎದ್ದು ಆ ಕಡೆ ಪಕ್ಕಕ್ಕ ಇಳೀತೈತಿ, ಒಂದ ಬಿದಿರು. ಬಂಡಿ ಮಗ್ಗಲಾದ್ರೂ ಒಳಗಿನ ಮಂದಿ ಅಪ್ಪಚ್ಚಿ ಆಗೂದಿಲ್ಲ. ಬಂಡೀ ಬಿಟ್ಟು ಮೋಟಾರಿಗೆ ಬಂದ ಮ್ಯಾಲ ಆ ಕಮಾನು ಅಲ್ಲೇ ಬಿಟ್ಟು ಬಂದ್ವಿ ನೋಡ್ರಿ. ಗಾಲಿಗೆ ಹಾಕೂ ಕಬ್ಬಿಣದ ಪಟ್ಟಿ ಕಾಸಿ ನಾ ಅಂಥಾ ಕಮಾನು ಬಗ್ಗಸತೇನಿ."

ಗುರುಶಿದ್ದಪ್ಪನವರು ಗೊಣಗಲೇಬೇಕಲ್ಲ, ಗೊಣಗಿದರು. ಕಬ್ಬಿಣ ಹಾಕಿದರೆ ಭಾರವಾಗುತ್ತದೆ ಎಂದರು. ಕಂಬ ಹೆಚ್ಚಿಸಿದರೆ ಮದುಮಗಳ ಮುಖ ಕಾಣುವುದಿಲ್ಲ ಎಂದರು.

ಭಾರದ ಮಾತಿಗೆ ರಾಯರು ನಕ್ಕರು. "ಛತ್ತಿನ ಮ್ಯಾಲ ಒಟ್ಟೋ ಚೀಲ ಕೆಳಗ ಇಳಸ್ರಿ, ಭಾರ ತಾನ ಕಡಿಮಿ ಆಗ್ತದ. ತಲಿ ಮ್ಯಾಲ ಕೊಡ ಹೊತ್ತಾಕಿ ಎಡವಿದ್ರ ಬೀಳ್ತಾಳ, ಕಂಕುಳಾಗ ಇಟಗೊಂಡಾಕಿ ಸಾವರಿಸ್ತಾಳ. ಮೋಟಾರಿನ ಹಣೀಬರಹಾನೂ ಅಷ್ಟ."

ಮದುಮಗಳ ಮಾತಿಗೆ ಅಕ್ಕವ್ವ ಉತ್ತರ ಕೊಟ್ಟಳು. "ಮುಖಾ ಸ್ವಲ್ಪ ಕಡಿಮಿ ಕಂಡ್ರ ಮದುವಿ ಏನ ನಿಲ್ಲೂದಿಲ್ಲ. ಆಕಿ ಗಂಡನ ಮನಿ ಮುಟ್ಟಬೇಕು, ಅದು ಮುಖ್ಯ."

ಇದಾದ ಮೇಲೆ ಗುರುಶಿದ್ದಪ್ಪನವರು ಇನ್ನು ಯಾವ ಬಾಯಿಂದ ಮಾತಾಡಬೇಕು? "ಆತು ಮಕ್ತುಮಸಾಬ, ಬಿಚ್ಚು" ಎಂದರು. ಹೇಳಿದ ಮೇಲೆ ಅವರಿಗೇ ಹಗುರೆನಿಸಿತು.

ಮಕ್ತುಮಸಾಬರ ಕುಲುಮೆ ಹೊತ್ತಿಕೊಂಡಿತು. ಕಬ್ಬಿಣದ ಕಮಾನುಗಳು ನೆಲದ ತೊಲೆಯಿಂದ ಎದ್ದು, ಸಾಗವಾನಿ ಕಂಬಗಳ ಬೆನ್ನಿಗಂಟಿಕೊಂಡು ಹೋಗಿ, ಛಾವಣಿಯ ಅಡಿಯಲ್ಲಿ ಹಾಯ್ದು, ಆಚೆ ಬದಿಯ ತೊಲೆಗೆ ಇಳಿದವು. ಮೂಲೆಮೂಲೆಗೂ ಮುಮ್ಮೂಲೆಯ ತಗಡು ಕೂತಿತು. ಮೊಳೆಯ ಜಾಗಕ್ಕೆ ಬೋಲ್ಟು ಬಂತು. ಕಂಬಗಳು ಹೆಚ್ಚಿದವು, ಬಳ್ಳಿಯ ಕೆತ್ತನೆ ಹೋಯಿತು. ಪೈಲವಾನರು ಮತ್ತೆ ಬಂದು ಅಡ್ಡ ನೂಕಿದರು, ಬೆವರು ಸುರಿಸಿದರು. ಬಾಡಿ ಜಗ್ಗಲಿಲ್ಲ.

"ಇನ್ನರ ಖಾತ್ರಿ ಆತಿಲ್ಲೋ?" ಎಂದು ಗುರುಶಿದ್ದಪ್ಪನವರು ಹೆಂಡತಿಯ ಮುಖ ನೋಡಿದರು.

ಅಕ್ಕವ್ವ ಒಂದು ಕಮಾನನ್ನು ಕೈಯಿಂದ ತಡವಿ ನೋಡಿದಳು. ಆಮೇಲೆ ಮೆಲ್ಲಗೆ, "ಚಾಸಿ ಮ್ಯಾಲ ಕೂಡಸೂದಕ್ಕಿಂತ ಮೊದಲ ಒಮ್ಮೆ ಕೆಡವಿ ತೋರಸ್ರಿ" ಎಂದಳು. "ನನ್ನ ಕಣ್ಣಿಲೆ ಒಂದು ಬಿದ್ದದ್ದು ನೋಡೇನಿ. ಅದನ್ನ ಅಳಸಬೇಕಂದ್ರ ಇನ್ನೊಂದು ಬಿದ್ದು, ನೆಟ್ಟಗ ಉಳದದ್ದು ನೋಡಬೇಕು."

ಕಷ್ಟಪಟ್ಟು ಕಟ್ಟಿದ ಬಾಡಿಯನ್ನು ಬೇಕೆಂದೇ ಕೆಡವುವುದೆಂದರೆ ಯಾರಿಗೆ ಮನಸ್ಸು ಬಂದೀತು? ಗುರುಶಿದ್ದಪ್ಪನವರು ಮಕ್ತುಮಸಾಬರತ್ತ ನೋಡಿದರು. ಬೇಡ ಎಂದು ಅವರಾದರೂ ಹೇಳಲಿ ಎಂದು ಕಾದರು. ಆದರೆ ಮಕ್ತುಮಸಾಬರು ಗಡ್ಡ ನೀವಿಕೊಂಡು, "ನಂಗೂ ನೋಡಬೇಕು ಅನಸೈತಿ ಸಾವ್ಕಾರ್ರ. ಕೈಯಾರೆ ಕಟ್ಟಿದ್ದು, ಖರೇ ಎಷ್ಟು ತಡೀತೈತಿ ಅಂತ ನಂಗ ಗೊತ್ತಿರಬಾರದೇನು?" ಎಂದರು.

ಕಾರಖಾನೆಯ ಹಿಂದೆ ಗೊರಚು ಮಣ್ಣು ಅಗೆದು ಬಿಟ್ಟಿದ್ದ ಒಂದು ತಗ್ಗು ಇತ್ತು. ಬಾಡಿಯನ್ನು ಮರದ ಉರುಳೆಗಳ ಮೇಲೆ ಅದರ ದಂಡೆಗೆ ತಂದರು. ಬರೀ ಬಾಡಿ ಹಗುರಾಗಿರುತ್ತದೆ, ಪೂರಾ ಮೋಟಾರಿನ ಭಾರ ಬರುವುದಿಲ್ಲ ಎಂದು ರಾಯರು ನೆಲದ ಹಲಗೆಗೆ ಕಬ್ಬಿಣ ಮತ್ತು ಕಲ್ಲು ಬಿಗಿಸಿದರು. ಆಸನಗಳ ಮೇಲೆ ಉಸುಕು ತುಂಬಿದ ಚೀಲಗಳನ್ನು ಕಟ್ಟಿ ಕೂರಿಸಿದರು. ಬೀರಲಿಂಗಪ್ಪ ಸುಮ್ಮನಿರದೆ ಪ್ರತಿ ಚೀಲಕ್ಕೂ ಒಂದೊಂದು ಗಡಿಗೆ ತಲೆ ಇಟ್ಟು ಪಟಗ ಸುತ್ತಿದ. ಮುಂದಿನ ಆಸನದ ಚೀಲಕ್ಕೆ ಸುತ್ತಿದ್ದು ಗುರುಶಿದ್ದಪ್ಪನವರದೇ ಹಳೆಯ ಗುಲಾಬಿ ಪಟಗ, ಮಸಿಯಿಂದ ಬರೆದದ್ದು ಅವರದೇ ಮೀಸೆ.

"ಸಾವ್ಕಾರ್ರು ಆಗಲೇ ಹತ್ತಿ ಕುಂತಾರ!" ಎಂದು ಯಾರೋ ಕೂಗಿದರು. ಗುರುಶಿದ್ದಪ್ಪನವರೂ ನಕ್ಕರು.

ಬಾಡಿಯನ್ನು ಹಿಡಿದು ನಿಲ್ಲಿಸಿದ್ದ ಹಗ್ಗ ಬಿಟ್ಟರು, ಹಾರೆ ಕೊಟ್ಟು ಎತ್ತಿದರು. ಬಾಡಿ ಓರೆಯಾಯಿತು, ಒಂದು ಕ್ಷಣ ಹಾಗೇ ನಿಂತಿತು, ಆಮೇಲೆ ದಂಡೆಯಿಂದ ಜಾರಿ ಛಾವಣಿಯ ಅಂಚು ಮುಂದಾಗಿ ಧಡಾರೆಂದು ತಗ್ಗಿಗೆ ಬಿತ್ತು. ಕೆಂಪು ಧೂಳು ಎದ್ದಿತು. ಅಕ್ಕವ್ವ ಕಣ್ಣು ಮುಚ್ಚಿಕೊಂಡಿದ್ದಳು. ಗುರುಶಿದ್ದಪ್ಪನವರು ಧೂಳು ಇಳಿಯುವ ಮೊದಲೇ ಧೋತರ ಎತ್ತಿಕಟ್ಟಿ ತಗ್ಗಿಗೆ ಧುಮುಕಿದರು.

ಒಂದು ಹಲಗೆ ಸೀಳಿತ್ತು. ಒಂದು ಕಮಾನು ಸ್ವಲ್ಪ ಸೊಟ್ಟಗಾಗಿತ್ತು. ಆದರೆ ಛಾವಣಿ ಛಾವಣಿಯ ಜಾಗದಲ್ಲೇ ಇತ್ತು, ಕಂಬ ಕಂಬದ ಜಾಗದಲ್ಲಿ. ಗುರುಶಿದ್ದಪ್ಪನವರು ಕಿಟಕಿಯಿಂದ ತೂರಿ ಒಳಗೆ ಹೋದರು, ತಮ್ಮ ಇಡೀ ಮೈ ಆಸನ ಮತ್ತು ಛಾವಣಿಯ ನಡುವೆ ಆರಾಮಾಗಿ ಹಿಡಿದದ್ದನ್ನು ಕಂಡರು. ಗಡಿಗೆ ತಲೆಗಳಲ್ಲಿ ಒಂದೆರಡು ಕುಲುಕಾಟಕ್ಕೆ ಒಡೆದಿದ್ದವು. ಗುಲಾಬಿ ಪಟಗದ ತಲೆ ಮಾತ್ರ ಮೀಸೆಸಮೇತ ಭದ್ರವಾಗಿತ್ತು.

"ಏ, ಬದುಕೇನಿ ನೋಡ!" ಎಂದು ಅವರು ಆ ಪಟಗವನ್ನು ಬಿಚ್ಚಿ ಕಿಟಕಿಯಿಂದ ಬೀಸಿದರು.

ಅಕ್ಕವ್ವ ಕಣ್ಣು ತೆರೆದಳು. ನೋಡಿದಳು. ಬಹಳ ದಿನಗಳ ಮೇಲೆ ಆಕೆ ಬಾಯಿತುಂಬ ನಕ್ಕಳು, ನಗುತ್ತಲೇ ಅತ್ತಳು.

ಸೀಳಿದ ಹಲಗೆ ಬದಲಾಯಿತು, ಸೊಟ್ಟ ಕಮಾನು ಬದಲಾಯಿತು. ಬಾಡಿ ಚಾಸಿಯ ಮೇಲೆ ಕೂತು ಗಟ್ಟಿ ಬೋಲ್ಟುಗಳಿಂದ ಬಿಗಿಯಾಯಿತು. ಬಣ್ಣ ಹಚ್ಚುವ ದಿನ ಮಕ್ತುಮಸಾಬರು ಮೂಲೆಯ ತಗಡುಗಳ ಮೇಲೆ ಚಂದದ ಹಲಗೆ ಮುಚ್ಚಲು ಹೊರಟಾಗ ಅಕ್ಕವ್ವ ತಡೆದಳು.

"ಮುಚ್ಚಬ್ಯಾಡ್ರಿ ಅಣ್ಣಾರ. ಮೋಟಾರು ಹತ್ತೂ ಮಂದಿಗೆ ಕಾಣಲಿ."

ಹಾಗಾಗಿ ಆ ತಗಡುಗಳಿಗೆ ಕೆಂಪು ಬಣ್ಣ ಬಂತು. ಕೆತ್ತನೆಯ ಬಳ್ಳಿಯನ್ನು ತೋರಿಸಿ ಮೆರೆಯಬೇಕೆಂದಿದ್ದ ಗುರುಶಿದ್ದಪ್ಪನವರು ಈಗ ಸಿಕ್ಕಸಿಕ್ಕವರನ್ನು ಕರೆದು ಮೂಲೆ ತಟ್ಟಿ ತೋರಿಸತೊಡಗಿದರು. "ಅಡ್ಡ ನೂಕಿ ನೋಡ್ರಿ" ಎನ್ನುವುದು ಅವರ ಹೊಸ ಮಾತು. ಮೆಣಸಿನಕಾಯಿ ಚೀಲಗಳು ಕೆಳಗೆ ಇಳಿದವು. ಛಾವಣಿಯ ಮೇಲೆ ಕೂರುವ ಹಟದವರಿಗೆ ಯಮನಪ್ಪ, "ನೀವು ಇಳದ ಮ್ಯಾಲ ಇಂಜಿನ್ ಚಾಲೂ" ಎಂದು ಬೀಡಿ ಹಚ್ಚಿಕೊಂಡು ದೂರ ಹೋಗಿ ಕೂಡುತ್ತಿದ್ದ.

ಕುಬಸ ಮುಗಿಯಿತು. ಹಸಿರು ಬಳೆ ತುಂಬಿಕೊಂಡ ದುಂಡವ್ವನನ್ನು ಉಪ್ಪಿನಬೆಟಗೇರಿಯಲ್ಲಿ ಮೋಟಾರು ಹತ್ತಿಸಿಕೊಂಡರು. ಅಕ್ಕವ್ವ ಹೋಗುವಾಗಲೂ ಅದರಲ್ಲೇ ಹೋಗಿದ್ದಳು, ಆದರೆ ಆ ಕಾಲುವೆ ಬಂದಾಗ ಕಣ್ಣು ಮುಚ್ಚಿಕೊಂಡಿದ್ದಳು. ಈ ಸಲ ಯಮನಪ್ಪ ತಾನಾಗಿಯೇ ಮೆಲ್ಲಗೆ ಮಾಡಿದ. ಅಕ್ಕವ್ವ ಒಂದು ಕೈಯಲ್ಲಿ ಮಗಳನ್ನು, ಇನ್ನೊಂದು ಕೈಯಲ್ಲಿ ಕಬ್ಬಿಣದ ಕಮಾನನ್ನು ಹಿಡಿದು, ತಂಗಿ ಬಿದ್ದ ಹೊಲವನ್ನು ತಿರುಗಿ ತಿರುಗಿ ನೋಡಿದಳು. ಹೊಲದಲ್ಲಿ ಜೋಳ ತೆನೆ ಹಿಡಿದಿತ್ತು.

"ನೋಡ್ರಿ" ಎಂದಳು ಗಂಡನಿಗೆ. "ಯಂಕಿ ಅವತ್ತು ಇಂಥಾದ್ರಾಗ ಕುಂತಿದ್ಲಂದ್ರ, ಮೈ ನೋಯಿಸಿಕೊಂಡು, ನಮಗ ನಾಕು ಬೈದು, ಸಂಜಿಗೆ ಮನಿಗೆ ಬಂದಿರತಿದ್ಲು."

ಗುರುಶಿದ್ದಪ್ಪನವರು ಪಟಗದ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಣ್ಣಿಗೆ ಧೂಳು ಬಿತ್ತು ಎಂದು ಆಮೇಲೆ ಹೇಳಿಕೊಂಡರಂತೆ, ಯಾರೂ ನಂಬಲಿಲ್ಲ.

ಸಂಜೆಯ ಹೊತ್ತಿಗೆ ಮೂವರೂ ಹುಬ್ಬಳ್ಳಿಯ ಮನೆ ಮುಟ್ಟಿದರು. ದುಂಡವ್ವ ಗಂಡು ಹೆತ್ತಳು, ಅದೂ ಈಗ ಕಮಾನು ಹಿಡಿದು ನಿಂತು ಪೋಂ ಪೋಂ ಎನ್ನುತ್ತದೆ.

ಅಕ್ಕಗಳಿರಾ, ಅಣ್ಣಗಳಿರಾ, ಇದನ್ನು ಓದುತ್ತಿರುವವರೂ ಓದಿಸಿ ಕೇಳುತ್ತಿರುವವರೂ ನಾಳೆಯೋ ನಾಡಿದ್ದೋ ಮೋಟಾರು ಹತ್ತುವವರೇ. ಹತ್ತುವ ಮೊದಲು ಬಣ್ಣ ನೋಡಿ ಮರುಳಾಗಬೇಡಿ, ಮೂಲೆ ನೋಡಿ. ಕಂಬಕ್ಕೆ ಕಬ್ಬಿಣವಿದೆಯೇ, ಮೊಳೆಯೋ ಬೋಲ್ಟೋ ಎಂದು ಮಾಲಕರನ್ನು ಕೇಳಿ, ನಾಚಬೇಡಿ. ಛಾವಣಿಯ ಮೇಲೆ ನೀವೂ ಹತ್ತಬೇಡಿ, ಚೀಲವನ್ನೂ ಹತ್ತಿಸಬೇಡಿ. ಮಾಲಕರೇ, ಮೇಸ್ತ್ರಿಗಳೇ, ಹೊಸ ಬಾಡಿಯ ಮೇಲೆ ಪೈಲವಾನರನ್ನು ಕುಣಿಸಿದ್ದು ಸಾಕು, ಒಮ್ಮೆ ಅಡ್ಡ ನೂಕಿಸಿ ನೋಡಿ. ಜಾಣ ಡ್ರೈವರನ ಕೈಯಲ್ಲೂ ಒಂದು ದಿನ ಗಾಲಿ ಜಾರಬಹುದು. ಆ ದಿನ ನಿಮ್ಮ ಮೋಟಾರಿನಲ್ಲಿ ಕೂತವರೆಲ್ಲ ಸಂಜೆಗೆ ಮನೆ ಮುಟ್ಟಲಿ.